ಮಂಜಿರಿಯ ಫೋಟೊಗೆ ಹಾಕಿದ ಹಾರ

ಮೈಲೂರ, ಬೀದರ
ಭಾನುವಾರ, 2 ಫೆಬ್ರವರಿ 2025, ಬೆಳಿಗ್ಗೆ

ಪ್ರೀತಿಯ ಮಗಳೇ ಸಾನಿಕಾ,

ನೀನು, ಅಳಿಯಂದಿರು, ಗುಡ್ಡು ಎಲ್ಲರೂ ಆರಾಮ ಇದ್ದೀರಿ ಎಂದು ನಂಬಿದ್ದೇನೆ. ಗುಡ್ಡುವಿನ ಕೆಮ್ಮು ಕಡಿಮೆಯಾಯಿತೇ? ಅಜವಾನ ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಎದೆಗೆ ಕಾಸು. ಸಾಲೆಯ ಮಕ್ಕಳಿಗೆ ನೂರು ಬುದ್ಧಿ ಹೇಳುತ್ತೀಯ, ಮನೆಯ ಮಗುವಿಗೆ ಸ್ವೆಟರ್ ಹಾಕುವುದು ಮಾತ್ರ ಮರೆಯುತ್ತೀಯ. ಅಳಿಯಂದಿರ ಕಡಲೆ ರಾಶಿ ಆಯಿತೇ? ನನ್ನ ಮೊಣಕಾಲು ಹಾಗೆಯೇ ಇದೆ, ಕೊಳಾರದ ಕಾರ್ಖಾನೆಯ ಪ್ಯಾಕಿಂಗ್ ಕೆಲಸದಲ್ಲಿ ದಿನವಿಡೀ ನಿಲ್ಲಬೇಕಲ್ಲ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ, ಬೈದುಕೊಳ್ಳದೆ ಓದು.

ಆಶೀಷ ಸಿಕ್ಕಿದ್ದ. ಭಾಲ್ಕಿಯ ಆಶೀಷ. ಏಳು ವರ್ಷದಿಂದ ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ತೆಗೆದಿಲ್ಲ. ನೀನು ಕಾಲೇಜಿಗೆ ಹೋಗುವಾಗ ದಿನಾ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದವನು, ಒಲ್ಲೆ ಎಂದ ಮೇಲೆ ಬ್ಲೇಡಿನಿಂದ ಕೈಮೇಲೆ ನಿನ್ನ ಆಗಿನ ಹೆಸರು ಮಂಜಿರಿ ಎಂದು ಕೊರೆದುಕೊಂಡವನು, “ನನಗ ಸಿಗಲಿಲ್ಲಂದ್ರ ಯಾರಿಗೂ ಸಿಗಬಾರದು” ಎಂದು ನಮ್ಮ ಬಾಗಿಲಲ್ಲೇ ನಿಂತು ಹೇಳಿ ಹೋದವನು. ಅವನ ಕಣ್ಣು ತಪ್ಪಿಸಿ ಅವಸರದಲ್ಲಿ ನಿನ್ನ ಮದುವೆ ಮಾಡಿ, ನಾವೂ ಭಾಲ್ಕಿ ಬಿಟ್ಟು ಇಲ್ಲಿಗೆ ಬಂದೆವು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ ಅಳಿಯಂದಿರು ಉಂಗುರದಿಂದ ಸಾನಿಕಾ ಎಂದು ಹೊಸ ಹೆಸರು ಬರೆದಾಗ ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ನಾನಿಟ್ಟ ಹೆಸರಿಗೆ ಏನು ಧಾಡಿಯಾಗಿತ್ತು ಎಂದು ನಿಮ್ಮಪ್ಪನ ಹತ್ತಿರ ಜಗಳ ತೆಗೆದಿದ್ದೆ. ಆ ಪುಣ್ಯಾತ್ಮ ಈಗ ಇದ್ದಿದ್ದರೆ ಕೈ ಮುಗಿದು ತಪ್ಪಾಯಿತು ಎನ್ನುತ್ತಿದ್ದೆ. ಆಶೀಷ ಮಂಜಿರಿಯನ್ನು ಹುಡುಕುತ್ತ ಊರೂರು ತಿರುಗಿದ, ನಿಮ್ಮ ತಾಲೂಕು ಔರಾದಿಗೂ ಬಂದು ಹೋದನಂತೆ. ಮಂಜಿರಿ ಎನ್ನುವವಳು ಆ ತಾಲೂಕಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಹೊಸ ಹೆಸರೇ ನಿನ್ನನ್ನು ಕಾಯಿತು.

ನಿನ್ನೆ ಶನಿವಾರ ಅರ್ಧ ದಿನ. ನನ್ನ ಜೊತೆ ಕೆಲಸ ಮಾಡುವ ಮುನವ್ವರ ಬೇಗಂ, “ನಮ್ಮ ಬೀದರ ಕಿಲ್ಲೇದಾಗ ತೆಗದಾರಂತ ಪಿಚ್ಚರ್, ಮಂದಿ ಭಾಳ ಅಳಲಕತ್ತಾರ, ಬರ್ರಿ ಲೀಲಾಬಾಯಿ” ಎಂದು ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋದಳು. ಕಾಣೆಯಾದ ಪ್ರೇಯಸಿಯನ್ನು ಹುಡುಕುವ ಹುಡುಗನ ಕಥೆ. ಅರ್ಧ ಗಂಟೆಯಲ್ಲಿ ಅದು ಯಾರ ಕಥೆ ಎಂದು ನನಗೆ ತಿಳಿಯಿತು. ಹುಡುಗಿಯ ಎಡ ಮುಂಗೈಯಲ್ಲಿ ರೊಟ್ಟಿ ಹಂಚು ತಾಗಿದ ಸುಟ್ಟ ಕಲೆ, ನಿನ್ನದೇ ಕಲೆ. ಅವಳ ತಾಯಿ ಮಹಾ ಕೆಟ್ಟವಳು, ಪಾತ್ರ ಮಾಡಿದವಳಿಗೆ ಮುಖಕ್ಕಿಂತ ಮೂಗುತಿ ದೊಡ್ಡದು. ನಾನು ಅಷ್ಟು ಅಸಹ್ಯವಾಗಿ ಎಂದಾದರೂ ಸೀರೆ ಉಟ್ಟಿದ್ದೇನೆಯೇ? ಹುಡುಗ ಬೀದರ ಕೋಟೆಯ ಗೋಡೆಗೆ ತಲೆ ಚಚ್ಚಿಕೊಂಡಾಗ ಟಾಕೀಸಿನ ತುಂಬ ಹೆಂಗಸರು ಕಣ್ಣೊರೆಸಿಕೊಂಡರು. ಮುನವ್ವರ ಬೇಗಂ ಕೂಡ “ಹಿಂಗ ಪ್ರೀತಿ ಮಾಡೋರು ಎಲ್ಲಿ ಸಿಗ್ತಾರ್ರಿ” ಎಂದಳು. ನಾನೊಬ್ಬಳೇ ಹೆದರಿ ಕೂತಿದ್ದೆ. ಕೊನೆಗೆ ತಾಯಿಯೇ ಮಗಳನ್ನು ಕೊಂದಳು ಎಂದು ತೋರಿಸಿ, ಪರದೆಯ ಮೇಲೆ ಒಂದು ಫೋಟೊ ಬಿಟ್ಟರು. ನಟಿಯದಲ್ಲ, ನಿನ್ನದು, ಕಾಲೇಜಿನ ಐಡಿ ಕಾರ್ಡಿನದು. ಅದಕ್ಕೆ ಹಾರ ಹಾಕಿ ಕೆಳಗೆ “ಮಂಜಿರಿಗೆ ಭಾವಪೂರ್ಣ ಶ್ರದ್ಧಾಂಜಲಿ” ಎಂದು ಬರೆದಿದ್ದರು.

ಬದುಕಿರುವ ಮಗಳ ಫೋಟೊಗೆ ಹಾರ ಹಾಕಿದರೆ ಯಾವ ತಾಯಿ ಸುಮ್ಮನೆ ಕೂರುತ್ತಾಳೆ ಹೇಳು. ಎದ್ದು ನಿಂತು ಕೂಗಿಬಿಟ್ಟೆ. “ನನ್ನ ಮಗಳು ಸತ್ತಿಲ್ಲರೀ, ಜೀವಂತ ಅದಾಳ, ಆ ಹಾರ ತೆಗೀರಿ” ಎಂದೆ. ದೀಪ ಹತ್ತಿದವು. ಬಾಗಿಲ ಬಳಿ ಆಶೀಷ ನಿಂತಿದ್ದ. ಸಿನಿಮಾ ತೆಗೆದವನೇ ಅವನು, ಪೋಸ್ಟರಿನಲ್ಲಿ ಬೇರೆ ಹೆಸರು ಹಾಕಿಕೊಂಡಿದ್ದಾನೆ. ಒಂದು ವಾರದಿಂದ ಪ್ರತಿ ಆಟಕ್ಕೂ ಹಾಗೆ ನಿಲ್ಲುತ್ತಾನಂತೆ. ಪರದೆ ನೋಡುತ್ತಿರಲಿಲ್ಲ, ಕುರ್ಚಿಗಳನ್ನು ನೋಡುತ್ತಿದ್ದ. ಬಂದು ನನ್ನ ಕಾಲಿಗೆ ಬಿದ್ದು ಮೆಲ್ಲಗೆ, “ಇಷ್ಟ ಬೇಕಾಗಿತ್ತವ್ವ ನನಗ. ಫೋಟೊ ನೋಡಿದ್ರ ನೀವು ಎದ್ದು ನಿಂದರ್ತೀರಂತ ಗೊತ್ತಿತ್ತು” ಎಂದ. ಮುನವ್ವರ ಬೇಗಂ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ನಿನ್ನ ಹೆಸರಾಗಲಿ ಊರಾಗಲಿ ನಾನು ಬಾಯಿ ಬಿಟ್ಟಿಲ್ಲ, ದೇವರಾಣೆ. ನಾನೇ ಬರುತ್ತಿದ್ದೆ, ಆದರೆ ಬೆಳಿಗ್ಗೆಯಿಂದ ನಮ್ಮ ಓಣಿಯ ತಿರುವಿನಲ್ಲಿ ಒಂದು ಬಿಳಿ ಕಾರು ನಿಂತಿದೆ. ಬಸ್ಸು ಹತ್ತಿದರೆ ನಾನೇ ಅವನಿಗೆ ದಾರಿ ತೋರಿಸಿದ ಹಾಗಾಗುತ್ತದೆ. ಮುನವ್ವರ ಬೇಗಂ ಗಂಡ ಬದ್ರೋದ್ದೀನ ಭಾಯಿ ಜೊತೆ ಠಾಣೆಗೆ ಹೋಗುತ್ತೇನೆ. ಸಿನಿಮಾ ತೆಗೆಯುವುದು ಯಾವ ಗುನ್ಹೆ ಎಂದು ಕೇಳಿದರೆ ಏನು ಹೇಳುವುದೋ ತಿಳಿಯದು. ಈ ಕಾಗದವನ್ನು ನಿಮ್ಮೂರು ಚಿಂತಾಕಿಯ ಬಸ್ಸಿನ ಕಂಡಕ್ಟರ್ ಗೋರಖನಾಥಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ. ಅಳಿಯಂದಿರಿಗೆ ಎಲ್ಲ ಹೇಳು, ಮುಚ್ಚಿಡಬೇಡ. ನಿನ್ನದು ಏನೂ ತಪ್ಪಿಲ್ಲ.

ಗುಡ್ಡುವಿಗೆ ನನ್ನ ಮುದ್ದು, ಅಳಿಯಂದಿರಿಗೆ ನಮಸ್ಕಾರ. ನನ್ನ ಉಳಿದ ಆಯುಷ್ಯವೂ ನಿನಗೇ ಇರಲಿ ಮಗಳೇ.

ನಿನ್ನ ಅವ್ವ,
ಲೀಲಾಬಾಯಿ

ತಾ.ಕ.: ಗೋರಖನಾಥಣ್ಣ ಬಂದು ನಿಂತಿದ್ದಾನೆ. ಬರೆಯಲು ಧೈರ್ಯವಾಗದೆ ಇದೊಂದನ್ನು ಬಿಟ್ಟಿದ್ದೆ. ನಾನು ಎದ್ದು ನಿಂತಾಗ ಮಡಿಲಲ್ಲಿದ್ದ ಫೋನು ಕೆಳಗೆ ಬಿತ್ತು. ಅವನು ಕಾಲಿಗೆ ಬಿದ್ದದ್ದು ಅಲ್ಲಿಯೇ. ಮನೆಗೆ ಬಂದು ನೋಡಿದರೆ ಫೋನಿಲ್ಲ. ಅದಕ್ಕೆ ಲಾಕೂ ಇಲ್ಲ. ನಿನ್ನ ನಂಬರು “ಮಗಳು ಸಾನಿಕಾ ಚಿಂತಾಕಿ” ಎಂದು ಅದರಲ್ಲಿದೆ, ನನಗೆ ಅದು ಬಾಯಿಪಾಠ ಬರುವುದಿಲ್ಲ. ನನ್ನ ನಂಬರಿನಿಂದ ಫೋನು ಬಂದರೆ ಅವ್ವ ಎಂದು ಎತ್ತಬೇಡ. ನಿನ್ನೆಯೇ ಬಂದಿದ್ದರೆ, ನೀನು ಎತ್ತಿ ಮಾತಾಡಿದ್ದರೆ, ಮನೆಯೊಳಗೆ ಏನನ್ನೂ ತೆಗೆದುಕೊಳ್ಳಲು ಹೋಗಬೇಡ, ಗುಡ್ಡುವನ್ನು ಎತ್ತಿಕೊಂಡು ಇದೇ ಬಸ್ಸು ಹತ್ತು.