ಮಾರುಮ್ ತುದಿಯಲ್ಲಿ ಕೂಗಿದ ಹೆಸರು

ಅಪ್ಪಾ,

ಇವತ್ತು ಮೊದಲ ಸಲ ಮಾರುಮ್ ಬೆಂಕಿಬೆಟ್ಟದ ತುದಿಗೆ ಹೋದೆ. ಬೂದಿಯಲ್ಲಿ ಕಾಲು ಹೂತುಹೋಗುತ್ತಿತ್ತು. "ಏಡಿ ನಿನಗಿಂತ ಬೇಗ ಹತ್ತುತ್ತೆ ಕಣೇ" ಅಂತ ಸೆಲ್ವಿನ್ ಮಾಮ ನಗುತ್ತಿದ್ದ.

ಕೆಳಗೆ ಬೆಂಕಿ ಕುದಿಯುವುದು ಕಂಡಾಗ, ತೀರಿಹೋದವರು ಆ ಬೆಂಕಿಯಲ್ಲೇ ಇರುತ್ತಾರೆ ಅನ್ನುವ ನಮ್ಮವರ ನಂಬಿಕೆಯಂತೆ ಮಾಮ ಅಜ್ಜಿಯ ಹೆಸರು ಕೂಗಿದ. ಆಮೇಲೆ, "ನಿಮ್ಮಪ್ಪನ್ನೂ ಕರಿಯೇ. ಅವನ ದೋಣಿ ಕಾಣೆಯಾಗಿ ಮೂರು ವರ್ಷ ಆಯ್ತಲ್ಲ" ಅಂದ.

ನಾನು ಕೂಗಿಬಿಟ್ಟೆ. ಬೆಟ್ಟ ಗುಡುಗಿತು.

"ಓಗೊಟ್ಟ ನೋಡು" ಅಂತ ಮಾಮ ಕಣ್ಣೊರೆಸಿಕೊಂಡ. ಆದರೆ ಯಾರನ್ನೂ ಕೂಗದಿದ್ದಾಗಲೂ ಅದು ಹಾಗೇ ಗುಡುಗುತ್ತಿತ್ತು. ಅದು ನೀನೋ ಅಲ್ಲವೋ, ನನಗೆ ಈಗಲೂ ತಿಳಿಯುತ್ತಿಲ್ಲ.

ಮನೆಗೆ ಬಂದರೆ ಅಮ್ಮ ಎಂದಿನಂತೆ ನಿನ್ನ ಪಾಲಿನ ಗೆಣಸನ್ನು ಬಾಳೆಲೆಯಲ್ಲಿ ಮುಚ್ಚಿಟ್ಟಿದ್ದಳು.

"ಮೇಲೆ ಯಾರ್‍ಯಾರನ್ನ ಕರೆದ್ರಿ?" ಅಂತ ಕೇಳಿದಳು.

"ಅಜ್ಜೀನ ಮಾತ್ರ" ಅಂದೆ.

ಲೀಟಾ