ಬ್ಯಾನರಿನ ಹಿಂಬದಿ

ಮಾರ್ಚ್ ೧೪, ಮಂಗಳವಾರ

ಇನ್ನೂ ಮೈ ಉರಿಯುತ್ತಿದೆ. ಅಣುಬಾಂಬ್ ಬೇಡ ಎಂದು ನಾವು ನರ್ಸುಗಳು ಮೆರವಣಿಗೆ ಹೊರಟರೆ, ಎಂದೂ ಇಲ್ಲದ ಮರ್ಯಾದೆ! ಹಿಂದೆ ಸಿಕ್ಕಿಕೊಂಡ ಬಸ್ಸಿನವರು ಬೈಯುವ ಬದಲು ಚಪ್ಪಾಳೆ ತಟ್ಟಿದರು. ಜನ ಬದಲಾದರು ಎಂದು ನಾನು ಉಬ್ಬಿಹೋದೆ, ಪೆದ್ದಿ.

ಚೌಕದಲ್ಲಿ ತಿರುಗಿ ನೋಡಿದರೆ, ಕೊನೆಯಲ್ಲಿದ್ದ ಮೈಕಿನ ವ್ಯಾನಿಗೆ ನಮ್ಮ ಬ್ಯಾನರ್ ತಿರುಗಾಮುರುಗಾ ಕಟ್ಟಿದೆ! ಯಾರೋ ಬಿಸಾಡಿದ ಫ್ಲೆಕ್ಸಿನ ಹಿಂಬದಿಗೆ ನಾವು ಬರೆದಿದ್ದೆವು. ಊರಿಗೆಲ್ಲ ಕಂಡದ್ದು ಮುಂಬದಿ: ಬಣ್ಣಬಣ್ಣದ ಕ್ಷಿಪಣಿ, 'ಶಸ್ತ್ರಾಸ್ತ್ರ ಪ್ರದರ್ಶನಕ್ಕೆ ಕುಟುಂಬ ಸಮೇತ ಬನ್ನಿ.'

"ಬಣ್ಣ ಇರೋ ಕಡೇನೇ ನಿಮ್ದು ಅಂದ್ಕೊಂಡೆ ಅಕ್ಕಾ," ಎಂದ ಡ್ರೈವರ್.

"ಓದೋಕೆ ಬರಲ್ವೇನಯ್ಯಾ ನಿಂಗೆ?"

"ಚೆನ್ನಾಗಿತ್ತಲ್ಲಾ ಚಿತ್ರ!"

ಹರಿದು ಹಾಕಲು ಹೊರಟಿದ್ದೆ. ಹೆಡ್ ನರ್ಸ್ ಬಿಡಲಿಲ್ಲ. "ಕೊಡೇ ಇಲ್ಲಿ, ಕೆಲಸಕ್ಕೆ ಬರತ್ತೆ," ಎಂದು ಕಿತ್ತುಕೊಂಡು ಮಕ್ಕಳ ವಾರ್ಡಿನ ಒಡೆದ ಕಿಟಕಿಗೆ ಕಟ್ಟಿಸಿದರು. ಗಾಜು ಹಾಕಿಸಿ ಎಂದು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇವೆ. ಸರ್ಕಾರದ ಹತ್ತಿರ ದುಡ್ಡಿಲ್ಲವಂತೆ. ನಮ್ಮ ಬರಹ ಬೀದಿಗೆ ಕಾಣಲೆಂದು ಹೊರಮುಖ ಮಾಡಿದೆವು. ಕ್ಷಿಪಣಿ ಒಳಗೆ ಬಂತು, ಮಕ್ಕಳ ಮಂಚದ ನೇರಕ್ಕೆ.

ಧೂಳುಗಾಳಿಯನ್ನೇನೋ ತಡೆಯುತ್ತಿದೆ, ದರಿದ್ರದ್ದು. ಕ್ಷಿಪಣಿಗೆಂದು ಅಷ್ಟೊಂದು ಕೋಟಿ ಸುರಿದರಲ್ಲ, ಅದರಲ್ಲಿ ನಮ್ಮ ವಾರ್ಡಿಗೆ ತಲುಪಿದ್ದು ಇದೊಂದೇ.