ಕಾರ್ಡಿನ ಬೆನ್ನ ಮೇಲಿನ ಹೆಸರು

16-6-96, ಭಾನುವಾರ

ಬೆಳಿಗ್ಗೆಯಿಂದ ಅಂಗಡಿ ಮುಂದೆ ಜಗಳ. ಬಬಲ್‌ಗಮ್ ಜೊತೆ ಬರುವ ಕ್ರಿಕೆಟ್ ಕಾರ್ಡ್ ಬದಲಾಯಿಸಿಕೊಳ್ಳುವ ಹುಡುಗರು. ನಂದು ಅಂತ ಒಬ್ಬ, ನಂದು ಅಂತ ಇನ್ನೊಬ್ಬ. ತಲೆ ಕೆಟ್ಟು ರೂಲ್ ಮಾಡಿದೆ. ಕಾರ್ಡ್ ಯಾರದೋ ಅವರ ಹೆಸರು ಹಿಂದೆ, ಪೆನ್ಸಿಲ್‌ನಲ್ಲಿ. ಕೈ ಬದಲಾದರೆ ಕೆಳಗೆ ಹೊಸ ಹೆಸರು.

ನಿಟ್ಟೂರಿನ ಬೆಟ್ಟಯ್ಯನವರ ಮಗ ಅಂಜನ್ ಒತ್ತಿ ಒತ್ತಿ ಬರೆದು ಎರಡು ಸಲ ಮೊನೆ ಮುರಿದ. ನಿಧಾನ ಕಣೋ ಅಂದೆ. "ಅಳಿಸೋಗ್ಬಾರ್ದು ಅಂಕಲ್" ಅಂದ. ತಲೆಹರಟೆ.

22-9-96, ಭಾನುವಾರ

ಬೆಟ್ಟಯ್ಯ ಒಬ್ಬರೇ ಬಂದರು. ಅಂಜನ್ ಹೋಗಿಬಿಟ್ಟನಂತೆ. ಮೆದುಳು ಜ್ವರ. ನನಗೆ ಗೊತ್ತೇ ಇರಲಿಲ್ಲ...

ಅವನ ಟಿನ್ ಡಬ್ಬ ತಂದಿದ್ದರು. ಸೆಟ್‌ನಲ್ಲಿ ಅರವತ್ಮೂರನೇ ನಂಬರ್ ಕಾರ್ಡ್ ಒಂದಿಲ್ಲ. ಯಾರಿಗೋ ಕೊಟ್ಟು ಆಮೇಲೆ ಅತ್ತಿದ್ದನಂತೆ. "ವಾಪಸ್ ತಂದ್ಕೊಡ್ತೀನಿ ಸುಮ್ನಿರು ಅಂದಿದ್ದೆ, ಲಕ್ಷ್ಮೀಕಾಂತಣ್ಣ."

ಸ್ಟಾಕ್‌ನಲ್ಲಿ ಹೊಸ ಅರವತ್ಮೂರು ಇತ್ತು. ಕೊಟ್ಟೆ. ತಿರುಗಿಸಿ ಬೆನ್ನು ನೋಡಿ ಮೇಜಿನ ಮೇಲಿಟ್ಟರು. "ಇದ್ರಲ್ಲಿ ಅವನ ಹೆಸರಿಲ್ವಲ್ಲ."

7-11-99, ಭಾನುವಾರ

ಒಳ್ಳೆ ವ್ಯಾಪಾರ. ಗುಬ್ಬಿಯವರು, ಕುಣಿಗಲ್‌ನ ಚನ್ನವೀರಯ್ಯ... ಈಗ ದೊಡ್ಡವರೇ ಹುಡುಗರಿಗಿಂತ ಹೆಚ್ಚು. ಎಲ್ಲರೂ ಕಾರ್ಡಿನ ಮುಖ ನೋಡುತ್ತಾರೆ, ಬೆಟ್ಟಯ್ಯ ಮಾತ್ರ ಬೆನ್ನು. ಒಂದು ವಾರವೂ ತಪ್ಪಿಸಿಲ್ಲ. ಒಂದೊಂದು ಹೆಸರೂ ಓದಿ, "ಈ ಹುಡ್ಗ ಈಗ ಎಷ್ಟ್ ಎತ್ತರ ಆಗವ್ನೋ" ಅನ್ನುತ್ತಾರೆ. ಉಳಿದವರು ಒಳಗೊಳಗೇ ನಗುತ್ತಾರೆ. ನನಗೆ ನಗು ಬರುವುದಿಲ್ಲ.

4-12-05, ಭಾನುವಾರ

ಬೆಟ್ಟಯ್ಯ ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ಚನ್ನವೀರಯ್ಯನಿಗೆ ಫೋನ್ ಮಾಡಿದೆ. "ನೆಟ್‌ನಲ್ಲಿ ಕೂತಲ್ಲೇ ಸಿಗ್ತದೆ ಕಣ್ರೀ, ನಿಮ್ ಡಬ್ಬ ಯಾಕ್ ಕೆದಕ್ಲಿ?" ನಿಜ ತಾನೆ.

ತಮ್ಮನ ಮಗಳು ಶಿಲ್ಪಾ ಕಂಪ್ಯೂಟರ್ ಕಲಿತಿದ್ದಾಳೆ. "ನಾವೂ ನೆಟ್‌ಗೆ ಹಾಕೋಣ ದೊಡ್ಡಪ್ಪ. ಇಲ್ಲಾಂದ್ರೆ ಬಾಗಿಲು ಹಾಕ್ಬೇಕಾಗತ್ತೆ."

3-2-06, ಶುಕ್ರವಾರ

ಚನ್ನವೀರಯ್ಯ ಬೇಡವಾದ ಕಾರ್ಡ್‌ಗಳ ಒಂದು ಕಾರ್ಟನ್ ಕಳಿಸಿದ. ಬೆನ್ನ ಮೇಲೆಲ್ಲ ಹೆಸರು, ನೆಟ್‌ನಲ್ಲಿ ಹೋಗಲ್ಲವಂತೆ. ಅಳಿಸಿದರೆ ಹೋಗುತ್ತದೆ ಅಂದಳು ಶಿಲ್ಪಾ. ಭಾನುವಾರ ಬೆಟ್ಟಯ್ಯ ನೋಡಲಿ, ಆಮೇಲೆ ಅಂದೆ. "ಒಂಬತ್ತು ವರ್ಷದಿಂದ ಸಿಗದೇ ಇರೋದು ಇದ್ರಲ್ಲಿ ಸಿಗತ್ತಾ? ನಾಳೇನೇ ಹಾಕ್ಬೇಕು ದೊಡ್ಡಪ್ಪ."

ಕೂತೆ. ಮೊದಮೊದಲು ಹೆಸರು ಓದಿ ಅಳಿಸಿದೆ. ಓದುತ್ತಾ ಕೂತರೆ ಮುಗಿಯುವಂತಿರಲಿಲ್ಲ. ಆಮೇಲೆ ಬೆನ್ನು ಮೇಲೆ ಮಾಡಿ ರಬ್ಬರ್ ಓಡಿಸಿದ್ದಷ್ಟೇ. ನಂಬರ್ ನೋಡಲೂ ಮುಂಬದಿ ತಿರುಗಿಸಲಿಲ್ಲ. ಕೈ ನೋವು.

5-2-06, ಭಾನುವಾರ

"ಹೊಸದೇನೂ ಬರ್ಲಿಲ್ವಾ ಅಣ್ಣ?" ಬೆಟ್ಟಯ್ಯ ಕೇಳಿದರು. ಇಲ್ಲ ಅಂದೆ.

9-3-06, ಗುರುವಾರ

ಪುಣೆಯಿಂದ ಒಂದು ಕಾರ್ಡ್ ರಿಟರ್ನ್. ಇಂಗ್ಲಿಷ್ ಚೀಟಿ. ಶಿಲ್ಪಾ ಓದಿ ಹೇಳಿದಳು: ಹಿಂಬದಿಯಲ್ಲಿ ಪೆನ್ಸಿಲ್ ಒತ್ತಿದ ಗುರುತಿದೆ, ಕ್ಲೀನ್ ಅಂತ ಸುಳ್ಳು ಹೇಳಿ ಮಾರಿದ್ದೀರಿ.

ಅರವತ್ಮೂರು.

ಬಾಗಿಲ ಬಳಿ ಹೋಗಿ ಬಿಸಿಲಿಗೆ ಓರೆ ಹಿಡಿದೆ. ಎಲ್ಲಕ್ಕಿಂತ ಮೇಲಿನ ಸಾಲು. ಅಂಜನ್‌ಕುಮಾರ್, ನಿಟ್ಟೂರು.

ಅವನು ಅಷ್ಟು ಒತ್ತಿ ಬರೆದಿದ್ದ. ನಾನು ಅಷ್ಟೇ ಒತ್ತಿ ಅಳಿಸಿದ್ದೇನೆ.

10-3-06

ನಿಟ್ಟೂರಿಗೆ ಹೋಗಿ ಬಂದೆ. ಬೆಟ್ಟಯ್ಯ ಕಾರ್ಡ್ ಇಸಿದುಕೊಂಡು ಹೆಬ್ಬೆರಳಿನಿಂದ ಬೆನ್ನು ಸವರಿದರು. ಮೊದಲು ತಿಳಿಯಲಿಲ್ಲ. ಬಿಸಿಲಿಗೆ ಹಿಡಿದು ತೋರಿಸಿದೆ. ಹೆಂಡತಿಯನ್ನು ಕೂಗಿದರು. ಸಿದ್ದಗಂಗಮ್ಮ ಕೈ ಒರೆಸಿಕೊಂಡು ಬಂದು ನೋಡಿ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಜೇಬಿನಲ್ಲಿ ಪೆನ್ಸಿಲ್ ಇಟ್ಟುಕೊಂಡು ಹೋಗಿದ್ದೆ. ಗೀಟಿನ ಮೇಲೇ ತಿದ್ದಿಕೊಡಲೇ ಅಂದೆ. "ಬ್ಯಾಡ ಬುಡಿ. ಆಗ ಅದು ನಿಮ್ ಅಕ್ಷರ ಆಯ್ತದೆ."

ಕಾರ್ಡಿನಿಂದ ಕಣ್ಣೆತ್ತಿ, "ಅಳ್ಸಿದ್ದು ಯಾರಣ್ಣ?"

ನಾನೇ ಅಂದೆ. ಸುಳ್ಳು ಹೇಳುವುದಕ್ಕೆ ನಾಲಿಗೆ ಏಳಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಡಬ್ಬ ತೆಗೆದು, ಅರವತ್ತೆರಡರ ಪಕ್ಕ ಇಟ್ಟು, ಮುಚ್ಚಳ ಹಾಕಿದರು. "ಕಾಫಿ ಆರೋಗ್ತದೆ, ಕುಡೀರಿ" ಅಂದರು. ಬಸ್‌ಸ್ಟಾಪ್‌ವರೆಗೂ ಜೊತೆಗೆ ಬಂದರು.

12-3-06, ಭಾನುವಾರ

ಬೆಟ್ಟಯ್ಯ ಬರಲಿಲ್ಲ. ಯಾಕೆ ಬರಬೇಕು, ಹುಡುಕುವುದು ಮುಗಿಯಿತಲ್ಲ. ಆದರೂ ನಿಟ್ಟೂರಿನ ಬಸ್ ಬಂದಾಗಲೆಲ್ಲ ಎದ್ದು ನೋಡಿದೆ.

19-3-06, ಭಾನುವಾರ

ಇವತ್ತೂ ಇಲ್ಲ.

ಗುಬ್ಬಿಯಿಂದ ಹೊಸ ಬಂಡಲ್. ಶಿಲ್ಪಾ ರಬ್ಬರ್ ತಂದು ಮುಂದಿಟ್ಟಳು. "ನಾಳೆ ಹಾಕೋಣ್ವಾ ದೊಡ್ಡಪ್ಪ?" ಅಂತ ಮೆಲ್ಲಗೆ ಕೇಳಿದಳು. ನೀನು ಮನೆಗೆ ಹೋಗು ಅಂದೆ.

ಬೆಟ್ಟಯ್ಯ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಿದ್ದೇನೆ. ಮೊದಲನೇ ಕಾರ್ಡ್. ಬೆನ್ನ ಮೇಲೆ, ಕದರಯ್ಯ, ಏಳನೇ ಬಿ. ಈಗ ಎಷ್ಟು ಎತ್ತರ ಆಗಿದ್ದಾನೋ. ಅದರ ಕೆಳಗೆ ಇನ್ನೊಂದಿದೆ, ಮಾಸಿದೆ, ಬಿಸಿಲಿಗೆ ಹಿಡಿದರೆ ಓದಬಹುದು.